ಸಹಿಗೆ ಮುನ್ನ ಶ್ರುತಿ ನೋಡಿ

'ನಮ್ಮ ಗಿಟಾರ್ ನುಡಿಸಿ, ನಿಮ್ಮ ಫೋಟೋ ಹಾಕುತ್ತೇವೆ' ಎಂದು ಕಂಪನಿಯೊಂದು ಕರೆದರೆ ಹಿಗ್ಗುವುದು ಸಹಜ. ಆದರೂ ಕರಾರುಪತ್ರವನ್ನು ನಿಧಾನವಾಗಿ ಓದಿ. ವಾದ್ಯ ಪುಕ್ಕಟೆಯೋ, ರಿಯಾಯಿತಿಯೋ, ಬರೀ ಎರವಲೋ? ವೇದಿಕೆಯ ಮೇಲೆ ಬೇರೆ ಕಂಪನಿಯದು ಹಿಡಿಯಬಹುದೇ? ಅವಧಿ ಮುಗಿದ ಮೇಲೆ ನಿಮ್ಮ ಹೆಸರು ಯಾರದು?

ಹೆಸರಿನ ವಿಷಯಕ್ಕೆ ಒಂದು ಉದಾಹರಣೆ ನೋಡಿ. 1952ರಲ್ಲಿ ಗಿಬ್ಸನ್ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್ ಅವರ ಹೆಸರಿನ ಗಿಟಾರ್ ತಂದಿತು. 1961ರಲ್ಲಿ ಅದರ ಆಕಾರವನ್ನೇ ಬದಲಿಸಿತು. ಹೊಸ ರೂಪ ಅವರಿಗೆ ಹಿಡಿಸಲಿಲ್ಲ. ಕರಾರು ಮುಗಿದಾಗ ಗಿಟಾರಿನಿಂದ ಹೆಸರೂ ಇಳಿಯಿತು. ಹಳೆಯ ಆಕಾರಕ್ಕೆ ಬೇಡಿಕೆ ಬಂದು, 1968ರಲ್ಲಿ ಮತ್ತೆ ಹೆಸರು ಏರಿತು.

ಕೊಟ್ಟ ಮಾತು ಉಳಿಸಿಕೊಳ್ಳಿ. ಕರಾರು ಬಿಡುವುದಾದರೆ ಮೊದಲು ಕಂಪನಿಗೆ ತಿಳಿಸಿ, ಆಮೇಲೆ ಊರಿಗೆ. ಕೈಗೆ ಒಗ್ಗದ ವಾದ್ಯವನ್ನು ಪುಕ್ಕಟೆ ಸಿಕ್ಕಿತೆಂದು ಮಾತ್ರ ಹೊಗಳಬೇಡಿ. ನಿಮ್ಮನ್ನು ನಂಬಿ ದುಡ್ಡು ಕೊಟ್ಟು ಅದನ್ನು ಕೊಳ್ಳುವವರು ನಿಮ್ಮ ಕೇಳುಗರೇ.