ಬೆಕ್ಕನ್ನು ಹೊರಗಟ್ಟಬೇಕಿಲ್ಲ

ಬೆಕ್ಕು ಸಾಕುವುದು ಇಲಿ ಕಾಟ ತಪ್ಪಿಸಲು ಮಾತ್ರ ಎಂದು ತಿಳಿಯಬೇಡಿ. ಅದರ ಒಡನಾಟ ಮನಸ್ಸಿಗೂ ಹಿತ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆಕ್ಕು-ನಾಯಿಗಳನ್ನು 10 ನಿಮಿಷ ನೇವರಿಸಿದ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಉಳಿದವರಿಗಿಂತ ಕಡಿಮೆಯಿತ್ತು. ಒಂಟಿಯಾಗಿರುವ ಹಿರಿಯರಿಗಂತೂ ಬೆಕ್ಕು ಒಳ್ಳೆಯ ಜೊತೆ.

ಆದರೂ ಸೊಸೆ ಗರ್ಭಿಣಿಯಾದೊಡನೆ ಬೆಕ್ಕನ್ನು ಹೊರಗಟ್ಟುವ ಮನೆಗಳಿವೆ. ಈ ಭಯಕ್ಕೆ ಕಾರಣ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ. ಗರ್ಭಿಣಿಗೆ ಇದು ಹೊಸದಾಗಿ ತಗುಲಿದರೆ ಶಿಶುವಿಗೆ ಅಪಾಯವಾಗಬಹುದು, ನಿಜ. ಆದರೆ ಬೆಕ್ಕಿನಿಂದ ಇದು ಹರಡುವುದು ಮಲದ ಮೂಲಕ. ಅದೂ ಮಲ ಹೊರಬಿದ್ದು 1ರಿಂದ 5 ದಿನ ಕಳೆದ ಮೇಲೆ. ಆದ್ದರಿಂದ ಮಲವಿರುವ ಮರಳನ್ನು ಮನೆಯ ಬೇರೆಯವರು ದಿನವೂ ತೆಗೆದು ಶುಚಿಮಾಡಲಿ. ಗರ್ಭಿಣಿಯು ಮಣ್ಣು ಮುಟ್ಟಿದರೆ ಸೋಪಿನಿಂದ ಕೈ ತೊಳೆಯಲಿ. ಅರೆಬೆಂದ ಮಾಂಸ, ತೊಳೆಯದ ತರಕಾರಿ ಬೇಡ; ಇವುಗಳಿಂದಲೂ ಈ ಸೋಂಕು ಬರುತ್ತದೆ.

ಬೆಕ್ಕಿಗೆ ರೇಬೀಸ್ ಲಸಿಕೆ ತಪ್ಪದೆ ಹಾಕಿಸಿ. ಅದು ಕಚ್ಚಿದರೆ ಅಥವಾ ಪರಚಿದರೆ ‘ನಮ್ಮ ಮನೆಯದೇ ತಾನೆ’ ಎಂದು ಸುಮ್ಮನಿರಬೇಡಿ. ಗಾಯವನ್ನು ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರನ್ನು ಕಾಣಿ.