ಅಂಕಿಯನ್ನು ನಂಬುವ ಮುನ್ನ

ವೈನ್‌ನಲ್ಲಿ ಮುಕ್ತ ಸಲ್ಫರ್ ಡೈಆಕ್ಸೈಡ್ ಅಳೆದಾಗ ಅಂಕಿ ವಿಚಿತ್ರವಾಗಿ ಬಂತೇ? ವೈನ್‌ಗೆ ಏನನ್ನೂ ಸೇರಿಸುವ ಮುನ್ನ ಅಳತೆಗೆ ಬಳಸಿದ ಅಯೋಡಿನ್ ದ್ರಾವಣವನ್ನು ನೋಡಿ. ಬೆಳಕು ಬಿದ್ದರೆ, ಮುಚ್ಚಳ ಸಡಿಲವಿದ್ದರೆ ಅದರ ಶಕ್ತಿ ಕುಂದುತ್ತದೆ. ಕುಂದಿದ ದ್ರಾವಣ ಹೆಚ್ಚು ಖರ್ಚಾಗಿ, ಇಲ್ಲದ ಸಲ್ಫರ್ ಡೈಆಕ್ಸೈಡನ್ನು ಇದೆ ಎಂದು ತೋರಿಸುತ್ತದೆ. ನೀವು ನಿಶ್ಚಿಂತೆಯಿಂದ ಇರುವಾಗಲೇ ವೈನ್ ಕೆಡತೊಡಗುತ್ತದೆ. ಅಯೋಡಿನ್ ದ್ರಾವಣವನ್ನು ಕಂದು ಬಾಟಲಿಯಲ್ಲಿಡಿ, ಥಯೋಸಲ್ಫೇಟ್‌ನಿಂದ ಆಗಾಗ ಅದರ ಪ್ರಬಲತೆ ಪರೀಕ್ಷಿಸಿ. ಅಳತೆಯ ಕೊನೆಯನ್ನು ನೀಲಿ ಬಣ್ಣದಿಂದ ತೋರಿಸುವ ಪಿಷ್ಟದ ದ್ರಾವಣ ಹಳಸಿದ್ದರೆ ಹೊಸದು ಮಾಡಿಕೊಳ್ಳಿ.

ಕೆಂಪು ವೈನ್‌ನ ಪಾಡೇ ಬೇರೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಕಡುಬಣ್ಣದಲ್ಲಿ ಪಿಷ್ಟದ ನೀಲಿ ಕಾಣುವುದೇ ಕಷ್ಟ. ಫ್ಲಾಸ್ಕಿನ ಹಿಂದೆ ಪ್ರಖರ ಹಳದಿ ದೀಪವಿಡಿ. ಅದಕ್ಕಿಂತ ದೊಡ್ಡ ತೊಡಕು, ಟ್ಯಾನಿನ್‌ನಂಥ ಫೀನಾಲ್‌ಗಳೂ ವಿಟಮಿನ್ ಸಿಯೂ ಅಯೋಡಿನ್ ಹೀರುತ್ತವೆ. ಎಷ್ಟು ಹೀರಿವೆಯೆಂದು ತಿಳಿಯಲು ಇನ್ನೊಂದು ಮಾದರಿಗೆ ಅಸಿಟಾಲ್ಡಿಹೈಡ್ ಬೆರೆಸಿ, ತುಸು ಬಿಟ್ಟು ಅಳೆಯಿರಿ. ಅದು ಸಲ್ಫರ್ ಡೈಆಕ್ಸೈಡನ್ನು ಕಟ್ಟಿಹಾಕುವುದರಿಂದ ಆಗ ಖರ್ಚಾಗುವ ಅಯೋಡಿನ್ ಬರೀ ಅಡಚಣೆಯ ಲೆಕ್ಕ, ಮೊದಲಿನದರಿಂದ ಕಳೆಯಿರಿ. ಸಾಧ್ಯವಿದ್ದರೆ ಕೆಂಪಿಗೆ ಏರೇಷನ್-ಆಕ್ಸಿಡೇಷನ್ ವಿಧಾನವನ್ನೇ ಹಿಡಿಯುವುದು ಮೇಲು. ಅಲ್ಲಿ ಅಂಕಿ ತೀರಾ ಕಡಿಮೆ ಬಂದರೆ ಕೊಳವೆಯ ಸಂದುಗಳಲ್ಲಿ ಗಾಳಿ ಸೋರುತ್ತಿದೆಯೇ, ಹೈಡ್ರೋಜನ್ ಪೆರಾಕ್ಸೈಡ್ ಹಳೆಯದೇ ನೋಡಿ.

ಅಂಕಿ ಸರಿಯಿದ್ದರೂ ಪಿಎಚ್ ಅಳೆಯದೆ ತೀರ್ಮಾನಿಸಬೇಡಿ. ಲೀಟರಿಗೆ 0.8 ಮಿಗ್ರಾಂ ಆಣ್ವಿಕ ಸಲ್ಫರ್ ಡೈಆಕ್ಸೈಡ್ (ಮುಕ್ತ ಅಂಶದಲ್ಲಿ ವೈನನ್ನು ಕಾಯುವ ಪಾಲು) ಬೇಕಿದ್ದರೆ, ಪಿಎಚ್ 3.2ರಲ್ಲಿ ಲೀಟರಿಗೆ ಸುಮಾರು 20 ಮಿಗ್ರಾಂ ಮುಕ್ತ ಅಂಶ ಸಾಕು; 3.8ರಲ್ಲಿ ಸುಮಾರು 80 ಬೇಕು.