ರೈತರಿಗೆ ತಿಳಿಯುವಂತೆ ಮಾರಾಟದ ಕರಪತ್ರ ತಿದ್ದುವ ಕ್ರಮ

ಬಿತ್ತನೆ ಬೀಜ ಮತ್ತು ಕೀಟನಾಶಕಗಳ ಕರಪತ್ರಗಳು ಹಂಗಾಮಿನ ಆರಂಭದಲ್ಲಿ ಹಳ್ಳಿ ಹಳ್ಳಿಗೂ ಬರುತ್ತವೆ. ಇವುಗಳಲ್ಲಿ ಅನೇಕವು ದೂರದ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಬರೆದು, ನಂತರ ಕನ್ನಡಕ್ಕೆ ತಂದಂಥವು. ಹೀಗೆ ಬಂದ ಒಕ್ಕಣೆಯನ್ನು ಸಹಕಾರ ಸಂಘದವರು ಹಾಗೂ ಅಂಗಡಿಯವರು ಊರಿಗೆ ಹೊಂದುವಂತೆ ತಿದ್ದಿ ಹಂಚಿದರೆ ರೈತರ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಓದುವವರು ಯಾರು?

ತಿದ್ದುವ ಮೊದಲು ಓದುವವರನ್ನು ಗುರುತಿಸಬೇಕು. ಕಂಪ್ಲಿ ತಾಲ್ಲೂಕಿನ ಮೆಟ್ರಿಯ ಸುತ್ತಿನ ಸೀಮೆಯನ್ನೇ ನೋಡಬಹುದು. ಕಂಪ್ಲಿಯ ಕಡೆ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಸಂಡೂರಿನ ಕಡೆ ಮಳೆ ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾ ಇವೆ. ಒಂದೇ ಕರಪತ್ರ ಎರಡೂ ಕಡೆಗೆ ಹೊಂದದು. ಅಲ್ಲದೆ ಎಷ್ಟೋ ಮನೆಗಳಲ್ಲಿ ಕರಪತ್ರವನ್ನು ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಾರೆ. ಆದ್ದರಿಂದ ವಾಕ್ಯಗಳು ಕಿವಿಯಿಂದ ಕೇಳಿದರೂ ತಿಳಿಯುವಷ್ಟು ಚಿಕ್ಕದಾಗಿರಬೇಕು.

ಹೊಗಳಿಕೆಯ ಬದಲು ವಿವರ

"ಅದ್ಭುತ ಇಳುವರಿ", "ಬಂಗಾರದ ಬೆಳೆ" ಎಂಬ ಮಾತುಗಳಿಂದ ರೈತನಿಗೆ ಏನೂ ತಿಳಿಯುವುದಿಲ್ಲ. ಬಿ.ಪಿ.ಟಿ. 5204 ಭತ್ತದ ಬೀಜ ಮಾರುವಾಗ ಹೀಗೆ ಬರೆಯಬಹುದು: "ಸಣ್ಣ ಅಕ್ಕಿಯ ತಳಿ. ಕಟಾವಿಗೆ ಸುಮಾರು 145ರಿಂದ 150 ದಿನ ಬೇಕು. ಬೆಂಕಿ ರೋಗ ಬೇಗ ತಗಲುತ್ತದೆ." ದಿನಗಳ ಲೆಕ್ಕ ತಿಳಿದರೆ ಕಾಲುವೆ ನೀರು ನಿಲ್ಲುವುದರೊಳಗೆ ಬೆಳೆ ಕೈಗೆ ಬರುವುದೋ ಇಲ್ಲವೋ ಎಂದು ರೈತನೇ ತೀರ್ಮಾನಿಸುತ್ತಾನೆ. ಕೊರತೆಯನ್ನು ಮುಚ್ಚಿಟ್ಟು ಮಾರಿದ ಬೀಜವನ್ನು ಅವನು ಮರುವರ್ಷ ಕೊಳ್ಳುವುದಿಲ್ಲ.

ಅಳತೆ ತಿದ್ದುವುದು

ಅತಿ ಹೆಚ್ಚು ಅಪಾಯ ಅಳತೆಯಲ್ಲಿದೆ. ಉದಾಹರಣೆಗೆ, "ಹೆಕ್ಟೇರಿಗೆ 1 ಲೀಟರ್ ಕೀಟನಾಶಕವನ್ನು 500 ಲೀಟರ್ ನೀರಿನಲ್ಲಿ ಬೆರೆಸಿ" ಎಂದು ಅಚ್ಚಾಗಿದೆ ಎಂದುಕೊಳ್ಳೋಣ. ರೈತರ ಲೆಕ್ಕ ಎಕರೆಯದು. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿನದನ್ನು ಎಕರೆಗೆ ಹಾಕಿದರೆ ವಿಷ ಎರಡೂವರೆ ಪಟ್ಟು ಬೀಳುತ್ತದೆ. ತಿದ್ದಿದ ಒಕ್ಕಣೆ ಹೀಗಿರಲಿ: "ಎಕರೆಗೆ 400 ಮಿ.ಲೀ., ನೀರು 200 ಲೀಟರ್. 16 ಲೀಟರಿನ ಒಂದು ಸಿಂಪರಣಾ ಡಬ್ಬಿಗೆ 32 ಮಿ.ಲೀ. ಒಂದು ಎಕರೆಗೆ ಹನ್ನೆರಡೂವರೆ ಡಬ್ಬಿ." "ಒಂದು ಮುಚ್ಚಳ" ಎಂದು ಬರೆಯಬಾರದು, ಬಾಟಲಿಯಿಂದ ಬಾಟಲಿಗೆ ಮುಚ್ಚಳದ ಅಳತೆ ಬೇರೆ.

ಆಡುಮಾತು ಎಲ್ಲಿಯವರೆಗೆ?

ರೈತರು ಕೀಟನಾಶಕವನ್ನು "ಎಣ್ಣೆ", "ಔಷಧಿ" ಎನ್ನುವುದು ರೂಢಿ. ಬಳಸುವ ಕ್ರಮ ಹೇಳುವಾಗ ಈ ಮಾತು ಬಂದರೆ ತಪ್ಪಿಲ್ಲ. ಆದರೆ ಎಚ್ಚರಿಕೆಯ ಸಾಲಿನಲ್ಲಿ "ವಿಷ" ಎಂದೇ ಇರತಕ್ಕದ್ದು. ಎಣ್ಣೆ ಎಂದರೆ ಅಡುಗೆಮನೆ ನೆನಪಾಗುತ್ತದೆ, ಔಷಧಿ ಎಂದರೆ ಗುಣವಾಗುವುದು ನೆನಪಾಗುತ್ತದೆ, ಅಂಜಿಕೆ ಬರುವುದಿಲ್ಲ.

ತಿದ್ದಬಾರದ ಭಾಗ

1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಡಬ್ಬಿಯ ಚೀಟಿಯಲ್ಲಿ ವಿಷದ ಪ್ರಮಾಣ ತಿಳಿಸುವ ಬಣ್ಣವಿರುತ್ತದೆ. ಕೆಂಪು ಅತ್ಯಂತ ತೀವ್ರ ವಿಷ. ನಂತರ ಇಳಿಕೆಯ ಕ್ರಮದಲ್ಲಿ ಹಳದಿ, ನೀಲಿ, ಹಸಿರು. ಹಸಿರು ಕಂಡರೆ ನಿರಪಾಯ ಎಂದು ತಿಳಿಯಬಾರದು, ಅದೂ ವಿಷವೇ. ಚೀಟಿಯಲ್ಲಿ "ಸುರಕ್ಷಿತ", "ನಿರಪಾಯಕಾರಿ" ಎಂದು ಬರೆಯುವುದನ್ನು ನಿಯಮ ಒಪ್ಪುವುದಿಲ್ಲ. ಕರಪತ್ರದಲ್ಲೂ ಆ ಮಾತು ಬೇಡ. ಚೀಟಿಯಲ್ಲಿ ಹೇಳಿದ ಬೆಳೆ ಮತ್ತು ಕೀಟಗಳಿಗಿಂತ ಹೆಚ್ಚಿನದನ್ನು ಕರಪತ್ರದಲ್ಲಿ ಸೇರಿಸಕೂಡದು.

ಅಚ್ಚಿಗೆ ಮೊದಲು ಪರೀಕ್ಷೆ

ತಿದ್ದಿದ ಕರಪತ್ರವನ್ನು ಐದಾರು ರೈತ ಗಂಡಸರು, ಹೆಂಗಸರ ಮುಂದೆ ಓದಿಸಬೇಕು. ನಂತರ ನಾಲ್ಕು ಪ್ರಶ್ನೆ ಕೇಳಬೇಕು:

1. ಇದು ಯಾವ ಬೆಳೆಗೆ, ಯಾವ ಕೀಟಕ್ಕೆ?
2. ಒಂದು ಡಬ್ಬಿಗೆ ಎಷ್ಟು?
3. ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯಬಹುದು?
4. ಮೈಮೇಲೆ ಬಿದ್ದರೆ ಏನು ಮಾಡಬೇಕು?

ಉತ್ತರ ತಪ್ಪಿದರೆ ತಪ್ಪು ಕೇಳಿದವರದಲ್ಲ, ವಾಕ್ಯದ್ದು. ಅದನ್ನೇ ಮತ್ತೆ ತಿದ್ದಬೇಕು. ಪ್ರಮಾಣದ ಬಗ್ಗೆ ಸಂಶಯವಿದ್ದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ವಿಚಾರಿಸಿ, ಖಚಿತವಾದ ಮೇಲೆಯೇ ಅಚ್ಚಿಗೆ ಕೊಡುವುದು ಕ್ಷೇಮ.